ಸ್ಪಷ್ಟನೆ: ವಿಮಾನದ ಸಿನಿಮಾಗಳಿಗೆ ಕ್ಯಾಪ್ಷನ್ ಇನ್ನೂ ಕಡ್ಡಾಯವಾಗಿಲ್ಲ

‘ಅಮೆರಿಕಕ್ಕೆ ಹೋಗುವ ಎಲ್ಲ ವಿಮಾನಗಳಲ್ಲೂ ಸಿನಿಮಾಗಳಿಗೆ ಕ್ಯಾಪ್ಷನ್ (ಮಾತನ್ನು ಪರದೆಯ ಮೇಲೆ ಬರಹವಾಗಿ ತೋರಿಸುವುದು), ಅಂಧರಿಗೆ ಧ್ವನಿ ವಿವರಣೆ ಈಗ ಕಾನೂನು’ ಎಂಬ ಸಂದೇಶ ಮಡಿಕೇರಿ, ವಿರಾಜಪೇಟೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಅದು ತಪ್ಪು. ಅಮೆರಿಕದ ಸಾರಿಗೆ ಇಲಾಖೆ ರಚಿಸಿದ್ದ ಸಮಿತಿ 2016ರಲ್ಲಿ ಇದಕ್ಕೆ ಒಪ್ಪಿದ್ದು ನಿಜ; ಆದರೆ ಆ ಒಪ್ಪಂದ ನಿಯಮವಾಗಿಲ್ಲ. ಅಂಗವಿಕಲ ವಿಮಾನ ಪ್ರಯಾಣಿಕರ ಕುರಿತ ಅಲ್ಲಿನ ನಿಯಮಾವಳಿಯ 382ನೇ ಭಾಗ ಕ್ಯಾಪ್ಷನ್ ಕಡ್ಡಾಯ ಮಾಡಿರುವುದು ಸುರಕ್ಷತೆ ಮತ್ತು ಮಾಹಿತಿಯ ವಿಡಿಯೊಗಳಿಗೆ, ಮನರಂಜನೆಗಲ್ಲ.

ಇದು ಸಣ್ಣ ವಿಷಯವಲ್ಲ. ಎಷ್ಟೋ ಸೀಟುಗಳ ಮುಂದಿರುವುದು ಬರೀ ನುಣುಪು ಗಾಜು, ಬೆರಳಿಗೆ ಒಂದು ಗುಂಡಿಯೂ ಸಿಗುವುದಿಲ್ಲ. ಪರದೆ ಮಾತಾಡದಿದ್ದರೆ ಅಂಧರಿಗೆ ಸಿನಿಮಾ ಹಾಗಿರಲಿ, ಇನ್ನೆಷ್ಟು ದೂರ ಎಂದೂ ತಿಳಿಯದು.

ಕಣ್ಣೂರು, ಮಂಗಳೂರಿನಿಂದ ಹೊರಡುವವರು ಟಿಕೆಟ್ ಮಾಡುವಾಗಲೇ ಈ ಸೌಲಭ್ಯ ಇದೆಯೇ ಎಂದು ವಿಮಾನ ಕಂಪನಿಯನ್ನು ಕೇಳಿಕೊಳ್ಳಿ. ಆ ಸಂದೇಶವನ್ನು ದಯವಿಟ್ಟು ಮುಂದೆ ಕಳಿಸಬೇಡಿ.