214 ಬಂದವರನ್ನು ಬೈಯಬೇಡಿ

ಇವತ್ತು ಬೆಳಗ್ಗೆ ನೋಡಿದ್ದನ್ನು ಬರೆಯದೆ ನಿದ್ದೆ ಬರುವುದಿಲ್ಲ. ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾನು ಎಚ್‌ಐವಿ ಇರುವವರಿಗೆ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರದಲ್ಲಿ ಹನ್ನೊಂದು ವರ್ಷ ಆಪ್ತಸಮಾಲೋಚಕಿಯಾಗಿದ್ದದ್ದು ನಿಮಗೆಲ್ಲ ಗೊತ್ತೇ ಇದೆ. ಕೆಲಸ ಬಿಟ್ಟರೂ ಕೆಲವರು ಈಗಲೂ ಫೋನ್ ಮಾಡಿ ಜೊತೆಗೆ ಬಾ ಅನ್ನುತ್ತಾರೆ, ಹೋಗುತ್ತೇನೆ. ಇವತ್ತೂ ಹಾಗೇ ಹೋಗಿದ್ದೆ. ಯಾವ ಊರು, ಯಾವ ಆಸ್ಪತ್ರೆ ಅಂತ ಕೇಳಬೇಡಿ. ಜೊತೆಗಿದ್ದವರನ್ನು ಇಲ್ಲಿ ಅಕ್ಕ ಅಂತಷ್ಟೇ ಕರೆಯುತ್ತೇನೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ.

ಅಕ್ಕನ ಸಿಡಿ4, ಅಂದರೆ ಎಚ್‌ಐವಿ ನಾಶಮಾಡುವ ರೋಗನಿರೋಧಕ ಕೋಶಗಳ ಎಣಿಕೆ, ಈ ಸಲ 214. ಹೋದ ಸಲ 221, ಅದಕ್ಕೂ ಮುಂಚೆ 208. ಕೌಂಟರಿನಲ್ಲಿದ್ದವರು ಹಸಿರು ಪುಸ್ತಕ ತಿರುವಿ, ಬೆಂಚಿನ ಮೇಲೆ ಕೂತವರಿಗೆಲ್ಲ ಕೇಳುವ ಹಾಗೆ, "ಇಷ್ಟ ವರ್ಷ ಆತು, ಇನ್ನೂ ಇನ್ನೂರರಾಗ ಅದಿ. ಗುಳಿಗಿ ನುಂಗ್ತಿಯೋ, ತಿಪ್ಪಿಗೆ ಒಗಿತಿಯೋ?" ಅಂದರು.

"ಒಂದ ದಿನಾನೂ ತಪ್ಪಿಸಿಲ್ರಿ" ಅಂದರು ಅಕ್ಕ. ಅವರು ಕೇಳಿಸಿಕೊಳ್ಳಲಿಲ್ಲ. ಅಕ್ಕ ಇನ್ನೊಂದು ಸಲ ಅದನ್ನೇ ಹೇಳಿ, ಸೆರಗು ಮುಂದಕ್ಕೆ ಎಳೆದುಕೊಂಡು ನೆಲ ನೋಡಿದರು.

ಅದೇ ಪುಟದಲ್ಲಿ, ಒಂದು ಸಾಲು ಮೇಲೆ, ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನುವ ಪರೀಕ್ಷೆಯ ಫಲಿತಾಂಶ, ಬರೆದಿತ್ತು: ಟಿಎನ್‌ಡಿ. ಅಂದರೆ ರಕ್ತದಲ್ಲಿ ಹುಡುಕಿದರೂ ವೈರಸ್ ಸಿಕ್ಕಿಲ್ಲ ಅಂತ. ಮಾತ್ರೆ ತಿಪ್ಪೆಗೆ ಹೋಗುತ್ತಿದ್ದರೆ ಕೆಲವೇ ವಾರಗಳಲ್ಲಿ ವೈರಸ್ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಕೇಳಿದ ಪ್ರಶ್ನೆಗೆ ಉತ್ತರ ಅವರ ಬೆರಳಿನ ಕೆಳಗೇ ಇತ್ತು!

ಸಿಡಿ4 ಅಂದರೆ ಪರೀಕ್ಷೆಯ ಅಂಕ ಅಂದುಕೊಂಡಿದ್ದಾರೆ. ಚೆನ್ನಾಗಿ ಓದಿದರೆ ಜಾಸ್ತಿ, ಓದದಿದ್ದರೆ ಕಡಿಮೆ. ಹಾಗಲ್ಲ. ಮಾತ್ರೆಯ ಕೆಲಸ ವೈರಸ್ ಬೆಳೆಯದಂತೆ ತಡೆಯುವುದು. ತಡೆದ ಮೇಲೆ ಮೊದಲ ಕೆಲವು ತಿಂಗಳು ಸಿಡಿ4 ಬೇಗ ಏರುತ್ತದೆ, ಏಕೆಂದರೆ ದುಗ್ಧಗ್ರಂಥಿಗಳಲ್ಲಿ (ಲಿಂಫ್ ನೋಡ್) ಸಿಕ್ಕಿಕೊಂಡಿದ್ದ ಕೋಶಗಳು ರಕ್ತಕ್ಕೆ ವಾಪಸ್ ಬರುತ್ತವೆ. ಆಮೇಲಿನ ಏರಿಕೆ ನಿಧಾನ. ಹೊಸ ಕೋಶಗಳು ತಯಾರಾಗಬೇಕು, ಅವು ಪಳಗುವುದು ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ. ವಯಸ್ಸಾದಂತೆ ಅದು ಕುಗ್ಗಿ ಕೊಬ್ಬಾಗುತ್ತದೆ. ಇನ್ನು ಸೋಂಕು ವರ್ಷಗಟ್ಟಲೆ ಚಿಕಿತ್ಸೆಯಿಲ್ಲದೆ ಉಳಿದಿದ್ದರೆ ದುಗ್ಧಗ್ರಂಥಿಗಳ ಒಳಗೆ ಗಾಯದ ಕಲೆ ಗಟ್ಟಿಯಾಗಿರುತ್ತದೆ, ಕರುಳಿನ ಗೋಡೆಯಲ್ಲಿದ್ದ ಸಿಡಿ4 ಕೋಶಗಳು ಬರಿದಾಗಿರುತ್ತವೆ. ಹೊಲ ಉಪ್ಪು ಹಿಡಿದ ಮೇಲೆ ಎಷ್ಟು ಒಳ್ಳೆ ಬೀಜ ಹಾಕಿದರೂ ಮೊದಲಿನ ಫಸಲು ಬರುವುದಿಲ್ಲವಲ್ಲ. ವೈರಸ್ ಪೂರ್ತಿ ಹತೋಟಿಯಲ್ಲಿದ್ದರೂ ಸಿಡಿ4 ಏರದವರು ನೂರಕ್ಕೆ 10ರಿಂದ 40ರವರೆಗೂ ಇದ್ದಾರೆ ಅಂತ ಬೇರೆ ಬೇರೆ ಅಧ್ಯಯನಗಳು ಹೇಳುತ್ತವೆ. ಇವರೆಲ್ಲ ಸುಳ್ಳು ಹೇಳುತ್ತಿದ್ದಾರೆಯೇ?

ಅಕ್ಕನ ಸಿಡಿ4 ಯಾಕೆ ಏರುತ್ತಿಲ್ಲ ಅಂತ ಯಾರೂ ಕೇಳಲಿಲ್ಲ. ನಾನು ಹೇಳುತ್ತೇನೆ. ಸರ್ಕಾರ ಎಆರ್‌ಟಿಯನ್ನು ಉಚಿತವಾಗಿ ಕೊಡಲು ಶುರುಮಾಡಿದ್ದು 2004ರ ಏಪ್ರಿಲ್‌ನಲ್ಲಿ. 2006ರಲ್ಲಿ ಅಕ್ಕ ಮೊದಲ ಸಲ ಬಂದಾಗ ಸಿಡಿ4 340 ಇತ್ತು. ಬೇರೆ ಕಾಯಿಲೆ ಇಲ್ಲದವರಿಗೆ 200ಕ್ಕಿಂತ ಕೆಳಗಿಳಿದ ಮೇಲೆಯೇ ಮಾತ್ರೆ ಅನ್ನುವುದು ಆಗಿನ ನಿಯಮ. ಇನ್ನೂ ಬೇಡ, ಆರು ತಿಂಗಳು ಬಿಟ್ಟು ಬಾ ಅಂದರು. ಅಕ್ಕ ಕಬ್ಬು ಕಡಿಯಲು ಹೋದರು. 2009ರಲ್ಲಿ ಟಿಬಿ ಹಿಡಿದು, ಮಗಳ ಹೆಗಲ ಮೇಲೆ ಕೈ ಹಾಕಿಕೊಂಡು ಬಂದಾಗ ಸಿಡಿ4 38. ಮಾತ್ರೆ ಶುರುಮಾಡುವ ಹೊತ್ತಿಗೆ ಎಷ್ಟು ಕೆಳಗೆ ಇಳಿದಿತ್ತು ಅನ್ನುವುದೇ ಮುಂದೆ ಎಷ್ಟು ಏರುತ್ತದೆ ಅನ್ನುವುದನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ. 500ಕ್ಕಿಂತ ಜಾಸ್ತಿ ಇದ್ದಾಗಲೇ ಶುರುಮಾಡುವುದು ಒಳ್ಳೆಯದು ಅಂತ ಸ್ಟಾರ್ಟ್ ಎಂಬ ದೊಡ್ಡ ಅಧ್ಯಯನ ತೋರಿಸಿದ್ದು 2015ರಲ್ಲಿ. ನಮ್ಮಲ್ಲಿ ಸಿಡಿ4 ಎಷ್ಟೇ ಇರಲಿ, ಸೋಂಕು ಗೊತ್ತಾದ ಎಲ್ಲರಿಗೂ ಮಾತ್ರೆ ಅಂತಾದದ್ದು 2017ರಲ್ಲಿ. ಆಗ ಕಾಯಲು ಹೇಳಿದವರನ್ನು ನಾನು ದೂರುವುದಿಲ್ಲ, ಔಷಧಿಯೂ ಕಡಿಮೆ, ತಿಳಿದದ್ದೂ ಕಡಿಮೆ. ಆದರೆ ಕಾಯಿ ಅಂದದ್ದು ವ್ಯವಸ್ಥೆ, ಇವತ್ತು ಬೈಸಿಕೊಂಡದ್ದು ಅಕ್ಕ.

ಮಾತ್ರೆ ಬಿಡುವವರು ನಿಜವಾಗಿಯೂ ಇದ್ದಾರಲ್ಲ ಮೇಡಂ, ಗದರಿಸದಿದ್ದರೆ ಹೇಗೆ ಅಂತ ಹಳೆಯ ಸಹೋದ್ಯೋಗಿಗಳು ಕೇಳುತ್ತಾರೆ. ಇದ್ದಾರೆ. ಉಳಿದ ಮಾತ್ರೆ ಎಣಿಸುವ ದಿನ ಡಬ್ಬಿ ಖಾಲಿ ಮಾಡಿಕೊಂಡು ಬಂದವರನ್ನು ನಾನೂ ನೋಡಿದ್ದೇನೆ. ಅದನ್ನು ಹಿಡಿಯಲಿಕ್ಕೇ ವೈರಲ್ ಲೋಡ್ ಇರುವುದು. ಇನ್ನು ಗದರಿಸಿದರೆ ಜನ ಮಾತ್ರೆ ತಿನ್ನುವುದನ್ನು ಕಲಿಯುವುದಿಲ್ಲ, ಮುಚ್ಚಿಡುವುದನ್ನು ಕಲಿಯುತ್ತಾರೆ.

ಇದನ್ನು ನಾನು ಯಾವ ಬಾಯಲ್ಲಿ ಹೇಳಲಿ? 2013ರಲ್ಲಿ ನಾನೇ ಒಬ್ಬರಿಗೆ ಹೀಗೆ ಮಾಡಿದ್ದೇನೆ. ಲಾರಿ ಓಡಿಸುವವರು. ಸಿಡಿ4 160ರ ಆಸುಪಾಸಿನಲ್ಲೇ ನಿಂತಿತ್ತು. ಎಲ್ಲರಿಗೂ ವೈರಲ್ ಲೋಡ್ ಮಾಡುವ ವ್ಯವಸ್ಥೆ ಬಂದದ್ದು 2018ರಲ್ಲಿ, ಆಗ ನನ್ನ ಮುಂದೆ ಇದ್ದದ್ದು ಆ ಒಂದೇ ಅಂಕಿ. "ನನ್ನ ಹತ್ತಿರ ಸುಳ್ಳು ಹೇಳಬೇಡಿ" ಅಂದೆ. ಅವರು ಒಂದು ಮಾತೂ ಆಡದೆ ಪುಸ್ತಕ ತೆಗೆದುಕೊಂಡು ಎದ್ದು ಹೋದರು. ಮುಂದಿನ ತಿಂಗಳು ಬರಲಿಲ್ಲ. ಫೋನ್ ಮಾಡಿದೆ, ನಂಬರ್ ಬಂದ್ ಆಗಿತ್ತು. ಇವತ್ತು ಕೌಂಟರಿನಲ್ಲಿ ಕೇಳಿದ್ದು ನನ್ನದೇ ದನಿ.

ಇನ್ನೊಂದು. ಅಂಕಿಯ ಹುಚ್ಚು ಹಿಡಿಸಿದರೆ ಪುಡಿ ಮಾರುವವರಿಗೆ ಹಬ್ಬ. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ ಅಂತ ಹೇಳಿ ಅಕ್ಕನಿಗೆ ಯಾರೋ ಎರಡು ಸಾವಿರ ರೂಪಾಯಿಯ ಡಬ್ಬಿ ಮಾರಿದ್ದಾರೆ, ಮೂರು ವಾರದ ಕೂಲಿ ಉಳಿತಾಯ ಅದು. ಇಂಟರ್‌ಲ್ಯೂಕಿನ್-2 ಎಂಬ ಇಂಜೆಕ್ಷನ್ ಕೊಟ್ಟು ಸಿಡಿ4 ಏರಿಸಿ ನೋಡಿದ ಎರಡು ದೊಡ್ಡ ಅಧ್ಯಯನಗಳ ಫಲಿತಾಂಶ 2009ರಲ್ಲೇ ಬಂತು. ಅಂಕಿ ಏರಿತು, ಕಾಯಿಲೆಯೂ ಸಾವೂ ಕಡಿಮೆಯಾಗಲಿಲ್ಲ. ಡಾಕ್ಟರುಗಳೇ ಅಂಕಿ ಏರಿಸಿ ಸೋತ ಮೇಲೆ ಪುಡಿ ಏನು ಮಾಡೀತು!

214 ಇದ್ದವರಿಗೆ ಬೇಕಾದದ್ದು ಬೇರೆ. ಬೇರೆ ಸೋಂಕು ಹಿಡಿಯದಂತೆ ತಡೆಯುವ ಕಾಟ್ರಿಮೋಕ್ಸಜೋಲ್ ಮಾತ್ರೆ ನಿಲ್ಲಿಸದೆ ಕೊಡಬೇಕು. ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಇದೆಯಾ ಅಂತ ಪ್ರತಿ ಸಲ ಕೇಳಬೇಕು, ಟಿಬಿ ಒಳಗೆ ಹೊಂಚು ಹಾಕುತ್ತಿರುತ್ತದೆ. ಅಂಕಿ ಏರದಿದ್ದರೂ ಮಾತ್ರೆ ಕೆಲಸ ಮಾಡುತ್ತಿದೆ, ನಿನ್ನಿಂದ ಸಂಗಾತಿಗೂ ಲೈಂಗಿಕವಾಗಿ ಹರಡುವುದಿಲ್ಲ ಅಂತ ಬಿಡಿಸಿ ಹೇಳಬೇಕು. ಇವತ್ತು ಯಾರೂ ಅಕ್ಕನನ್ನು ಕೆಮ್ಮಿದೆಯಾ ಅಂತ ಕೂಡ ಕೇಳಲಿಲ್ಲ.

ಹೊರಗೆ ಬಂದು ಬಸ್ ಸ್ಟ್ಯಾಂಡಿನ ಕಟ್ಟೆ ಮೇಲೆ ಕೂತೆವು. ಅಕ್ಕ ಹೊಸ ಡಬ್ಬಿಯ ಮುಚ್ಚಳ ತೆಗೆದು, ಬ್ಲೌಸಿನ ಹಳೆ ಬಟ್ಟೆ ತುಂಡನ್ನು ಸುರುಳಿ ಮಾಡಿ ಒಳಗೆ ತುರುಕಿದರು. ಬಸ್ಸಿನಲ್ಲಿ ಗುಳಿಗೆ ಗಲಗಲ ಅನ್ನಬಾರದು, ಪಕ್ಕದವರು ಏನು ಅಂತ ಕೇಳಬಾರದು. ಹದಿನೈದು ವರ್ಷಕ್ಕೂ ಮೇಲಾಯಿತು ಹೀಗೆ ಬಟ್ಟೆ ತುರುಕುತ್ತಾ. ಈ ಕೈಗಳಿಗೆ ಕೇಳಿದ್ದು, ತಿಪ್ಪೆಗೆ ಒಗೆಯುತ್ತೀಯೋ ಅಂತ.

ಸೋಮವಾರ ಆ ಕೇಂದ್ರದ ವೈದ್ಯಾಧಿಕಾರಿಯನ್ನು ಕಾಣಲು ಹೋಗುತ್ತಿದ್ದೇನೆ. ಬೆಂಚಿನ ಮುಂದೆ ಕೂಗಿ ಹೇಳುವುದು ನಿಲ್ಲಬೇಕು, ಬೈಯುವ ಮುಂಚೆ ಒಂದು ಸಾಲು ಮೇಲೆ ನೋಡಬೇಕು, ಇಷ್ಟೇ ನನ್ನ ಅರ್ಜಿ. ಅಕ್ಕನೂ ಬರುತ್ತೇನೆ ಅಂದಿದ್ದಾರೆ. ಹಸಿರು ಪುಸ್ತಕ ತರುತ್ತಾರಂತೆ.