ಹತ್ತು ವರ್ಷಕ್ಕೊಂದು ಬ್ಲಾಕ್

ಜರ್ಮನಿಯ ವೆಮ್‌ಡಿಂಗ್ ಅನ್ನೋ ಪುಟ್ಟ ಊರಲ್ಲಿ ‘ಕಾಲದ ಪಿರಮಿಡ್’ ಇದೆ ಅಂತ ಕೇಳಿ, ಒಂದು ರಜೆಯಲ್ಲಿ ಮಗಳನ್ನು ಕರೆದುಕೊಂಡು ಹೋಗಿದ್ದೆ. ಊರಾಚೆಯ ದಿಬ್ಬ ಹತ್ತಿ ನೋಡಿದರೆ ಕಾಂಕ್ರೀಟ್ ಹಾಸಿನ ಮೇಲೆ ನಾಲ್ಕೇ ನಾಲ್ಕು ಬ್ಲಾಕ್. ಯಾರೋ ಮನೆ ಕಟ್ಟಲು ಶುರುಮಾಡಿ ದುಡ್ಡು ಸಾಲದೆ ಬಿಟ್ಟುಹೋದ ಹಾಗಿತ್ತು. “ಪಿರಮಿಡ್ ಎಲ್ಲಪ್ಪಾ?” ಅಂದಳು ಮಗಳು. ಇನ್ನೂ ಸಾವಿರದ ನೂರು ವರ್ಷಕ್ಕಿಂತ ಜಾಸ್ತಿ ಕಾಯಬೇಕಮ್ಮಾ ಅಂದೆ. ಇಬ್ಬರಿಗೂ ನಗು ಬಂತು. ಆಮೇಲೆ ನನಗೆ ಯಾಕೋ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಆ ಊರಿಗೆ 1200 ವರ್ಷ ತುಂಬಿದ್ದು 1993ರಲ್ಲಿ. ಮ್ಯಾನ್‌ಫ್ರೆಡ್ ಲಾಬರ್ ಅನ್ನೋ ಕಲಾವಿದ, 1200 ವರ್ಷ ಅಂದರೆ ಎಷ್ಟು ಅಂತ ಜನರ ಕಣ್ಣಿಗೆ ಕಾಣಿಸಲು ಹೊರಟ. ಹತ್ತು ವರ್ಷಕ್ಕೊಂದರಂತೆ 120 ಬ್ಲಾಕ್. ಕೊನೆಯದು ಕೂರುವುದು 3183ರಲ್ಲಿ. ಕೆಳಗಿನ ಸುತ್ತಿಗೇ 64 ಬೇಕು, ಅಂದರೆ ಆರುನೂರು ವರ್ಷ ದಾಟಿದರೂ ಅದು ಪಿರಮಿಡ್ ಅನ್ನಿಸಿಕೊಳ್ಳುವುದಿಲ್ಲ. ಲಾಬರ್ 2018ರಲ್ಲಿ ತೀರಿಕೊಂಡರು. ಅವರು ಕಂಡದ್ದು ಮೂರು ಬ್ಲಾಕ್. ನಾಲ್ಕನೆಯದನ್ನು 2023ರಲ್ಲಿ ಊರವರು ಸೇರಿ ಇಟ್ಟರು.

ಅಲ್ಲಿ ನಾಯಿ ಸುತ್ತಾಡಿಸುತ್ತಿದ್ದ ಹೆಂಗಸೊಬ್ಬರು ಮಾತಿಗೆ ಸಿಕ್ಕರು. ಮೊದಲನೆಯದನ್ನು ಇಡುವಾಗ ಅವರು ಶಾಲೆಯ ಹುಡುಗಿ. ಎರಡನೆಯದಕ್ಕೆ ಗಂಡನಾಗುವವನ ಜೊತೆ ಬಂದಿದ್ದರು, ಮೂರನೆಯದಕ್ಕೆ ಮಗುವನ್ನು ಎತ್ತಿಕೊಂಡು. ನಾಲ್ಕನೆಯದಕ್ಕೆ ಅಮ್ಮ ಇರಲಿಲ್ಲ ಅಂದರು. “ಇನ್ನು ನಾಲ್ಕೋ ಐದೋ ನೋಡ್ತೀನಿ, ಅಷ್ಟೇ,” ಅಂತ ಬ್ಲಾಕ್‌ಗಳ ಪಕ್ಕದ ಖಾಲಿ ಜಾಗ ತೋರಿಸಿದರು. ತನ್ನ ಆಯಸ್ಸನ್ನು ಹೀಗೆ ಕೈ ಚಾಚಿ ಅಳೆದು ತೋರಿಸಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಮ್ಮಲ್ಲೇನು ಕಾಲದ ಲೆಕ್ಕಕ್ಕೆ ಕೊರತೆಯೇ? ಕಲಿಯುಗಕ್ಕೇ 4,32,000 ವರ್ಷ. ಒಂದು ಮನ್ವಂತರಕ್ಕೆ 30 ಕೋಟಿಗೂ ಜಾಸ್ತಿ. ಕಲ್ಪಕ್ಕೆ 432 ಕೋಟಿ, ಅದೂ ಬ್ರಹ್ಮನಿಗೆ ಬರೀ ಒಂದು ಹಗಲು! ಇವರ ಸಾವಿರದ ಚಿಲ್ಲರೆ ವರ್ಷ ನಮಗೆ ಯಾವ ಮೂಲೆಗೆ? ಆದರೆ ಚಿಕ್ಕಂದಿನಿಂದ ಕೇಳಿದ ಈ ಕೋಟಿಗಳಲ್ಲಿ ಒಂದೂ ನನ್ನನ್ನು ಒಂದು ಕ್ಷಣ ನಿಲ್ಲಿಸಿದ್ದು ನೆನಪಿಲ್ಲ. ಸಂಕಲ್ಪ ಮಾಡುವಾಗ ‘ಶ್ವೇತವರಾಹಕಲ್ಪೇ, ವೈವಸ್ವತ ಮನ್ವಂತರೇ’ ಅಂತ ರೈಲು ಓಡುತ್ತದೆ. ಅಷ್ಟೂ ಹೊತ್ತು ನಮ್ಮ ಗಮನ ಕೈಯಲ್ಲಿ ಸೋರುತ್ತಿರುವ ನೀರಿನ ಮೇಲೆ. ಮನ್ವಂತರ ಅಂದರೆ ಎಷ್ಟು ವರ್ಷ ತಾತ ಅಂತ ಒಮ್ಮೆ ಕೇಳಿದ್ದೆ. “ಸುಮ್ನೆ ಹೇಳು, ಹೊತ್ತಾಯ್ತು,” ಅಂದರು.

ಲಾಲ್‌ಬಾಗಿನ ಬಂಡೆಯದೂ ಇದೇ ಕತೆ ಅಲ್ವಾ? ಸುಮಾರು 300 ಕೋಟಿ ವರ್ಷದ ಕಲ್ಲು. ಹತ್ತಿದವರೆಲ್ಲ ಅದರ ಮೇಲಿನ ಕೆಂಪೇಗೌಡರ ಗೋಪುರದ ಮುಂದೆ ಫೋಟೋ ತೆಗೆಸಿಕೊಂಡು ಇಳಿಯುತ್ತಾರೆ.

ಕಾಲ ಅರ್ಥವಾಗುವುದು ಸೊನ್ನೆಗಳಿಂದಲ್ಲ, ಕಾಯುವುದರಿಂದ ಅಂತ ನನಗೆ ಅನಿಸಿದ್ದು ಜರ್ಮನಿಗೆ ಬಂದ ಮೇಲೆ. ಇಲ್ಲಿನ ಹಾಲ್ಬರ್‌ಸ್ಟಾಟ್ ಊರಿನ ಹಳೆಯ ಚರ್ಚಿನಲ್ಲಿ ಅಮೆರಿಕದ ಸಂಗೀತಗಾರ ಜಾನ್ ಕೇಜ್ ಬರೆದ ಕೃತಿಯನ್ನು ಆರ್ಗನ್ ಮೇಲೆ 639 ವರ್ಷ ನಡೆಯುವಷ್ಟು ನಿಧಾನವಾಗಿ ನುಡಿಸುತ್ತಿದ್ದಾರೆ. ಶುರುವಾದದ್ದು 2001ರಲ್ಲಿ, ಮುಗಿಯುವುದು 2640ಕ್ಕೆ. ಮೊದಲ ಹದಿನೇಳು ತಿಂಗಳು ಬರೀ ಮೌನ, ಕೃತಿ ಶುರುವಾಗುವುದೇ ವಿರಾಮದಿಂದ. 2013ರಲ್ಲಿ ಬದಲಾದ ಸ್ವರ ಮತ್ತೆ ಬದಲಾದದ್ದು 2020ರಲ್ಲಿ. ಸ್ವರ ಬದಲಾಗುವ ದಿನ ಜನ ದೂರದೂರದಿಂದ ಬಂದು ನಿಲ್ಲುತ್ತಾರೆ. ನಮ್ಮಲ್ಲಾಗಿದ್ದರೆ ಮೊದಲ ತಿಂಗಳಲ್ಲೇ ಯಾರಾದರೂ ರಿಪೇರಿಗೆ ಆಳು ಕಳಿಸುತ್ತಿದ್ದರು.

ಸರಿ, ಒಂದು ಮಾತು ಒಪ್ಪಬೇಕು. ಲಾಬರ್ ಅವರ ಬ್ಲಾಕ್‌ಗೆ ಕ್ರೇನ್ ಬೇಕು, ಟ್ರಸ್ಟ್ ಬೇಕು, 3183ರವರೆಗೆ ಆ ಊರೂ ಉಳಿದಿರಬೇಕು. ಆರ್ಗನ್‌ಗೂ ದಾನಿಗಳು ಬೇಕು. ಸಂಕಲ್ಪಕ್ಕೆ ಉಸಿರೊಂದು ಸಾಕು, ಎಷ್ಟೋ ತಲೆಮಾರು ದಾಟಿ ಬಂದಿದೆ. ಕಟ್ಟಿರುವ ರೀತಿಯೂ ಸಾಮಾನ್ಯದ್ದಲ್ಲ. ಕಲ್ಪದಿಂದ ಹೊರಟು ಮನ್ವಂತರ, ಯುಗ, ಸಂವತ್ಸರ, ಋತು, ಮಾಸ, ಪಕ್ಷ ಅಂತ ಇಳಿದು, ಇವತ್ತಿನ ತಿಥಿ ವಾರಕ್ಕೆ ಬಂದು, ಕೊನೆಗೆ ಗೋತ್ರ ಹೇಳಿ ನನ್ನನ್ನೇ ತಂದು ಅಲ್ಲಿ ಕೂರಿಸುತ್ತದೆ. ಮೇಲಿನದು ಹಾಗೇ ಇರುತ್ತದೆ, ಕೆಳಗಿನದು ದಿನಾ ಬದಲಾಗುತ್ತದೆ. ಇದು ವೆಮ್‌ಡಿಂಗ್‌ನ ಬ್ಲಾಕ್‌ಗಳಿಗೂ ಸಾಧ್ಯವಿಲ್ಲ.

ಪುರೋಹಿತರು ಸ್ವಲ್ಪ ನಿಧಾನವಾಗಿ ಹೇಳಿದರೆ ನಮಗೂ ಕೇಳಿಸೀತು. ಆದರೆ ಅವರಿಗೆ ಹತ್ತೂವರೆಗೆ ಇನ್ನೊಂದು ಮನೆಯಲ್ಲಿ ಗೃಹಪ್ರವೇಶ ಇರುತ್ತದೆ.