ಬೇಕಾದ್ರೆ ಬರೆದಿಟ್ಕೋ

ನನಗೊಂದು ಚಟವಿದೆ. ಬೆಳಿಗ್ಗೆ ಪೇಪರ್ ಕೈಗೆ ಬಂತು ಅಂದರೆ, ಸುದ್ದಿ ಓದುವ ಮೊದಲೇ ಅಭಿಪ್ರಾಯ ಬಂದುಬಿಡುತ್ತದೆ. ತಲೆಬರಹದ ಮೇಲೆ ಕಣ್ಣು ಬಿದ್ದರೆ ಸಾಕು. ‘ಇದೆಲ್ಲ ಆಗೋ ಹೋಗೋ ಮಾತಲ್ಲ.’ ‘ಈ ಸರ್ಕಾರ ಆರು ತಿಂಗಳು ಬಾಳಿದ್ರೆ ಹೆಚ್ಚು.’ ‘ಈ ವಿಜ್ಞಾನಿಗಳಿಗೆ ಬೇರೆ ಕೆಲಸ ಇಲ್ವಾ?’ ಈ ಮೂರರಲ್ಲಿ ಒಂದು ಬಾಯಿಂದ ಉದುರುತ್ತದೆ. ನನ್ನನ್ನು ಯಾರೂ ಕೇಳಿರುವುದಿಲ್ಲ. ಕೇಳಲಿ ಅಂತ ನಾನೂ ಕಾಯುವುದಿಲ್ಲ. ಕೊನೆಗೆ ಮೊಹರು ಒತ್ತಿದ ಹಾಗೆ ಒಂದು ಮಾತು ಸೇರಿಸುತ್ತೇನೆ: ‘ಬೇಕಾದ್ರೆ ಬರೆದಿಟ್ಕೋ.’

ಈ ‘ಬರೆದಿಟ್ಕೋ’ ತುಂಬಾ ಅನುಕೂಲದ ಮಾತು. ಯಾರೂ ಬರೆದುಕೊಳ್ಳುವುದಿಲ್ಲ ಅಂತ ಹೇಳುವವನಿಗೂ ಗೊತ್ತು, ಕೇಳುವವನಿಗೂ ಗೊತ್ತು. ಹೇಳಿದ್ದು ನಿಜವಾದರೆ ‘ನಾನು ಅವತ್ತೇ ಹೇಳಿರ್ಲಿಲ್ವಾ’ ಅನ್ನಬಹುದು. ಸುಳ್ಳಾದರೆ ಯಾರಿಗೆ ನೆನಪಿರುತ್ತದೆ? ನನಗಂತೂ ಇರುವುದಿಲ್ಲ. ಹೀಗೆ ಇಪ್ಪತ್ತೈದು ವರ್ಷ ಒಂದು ತಪ್ಪೂ ಮಾಡದೆ ಬದುಕಿದ್ದೆ.

ಅಷ್ಟರಲ್ಲಿ ಅಕ್ಕನ ಮಗಳು ರಜಕ್ಕೆ ಬಂದಳು. ಹನ್ನೊಂದು ವರ್ಷದ ಹುಡುಗಿ. ಎರಡನೇ ದಿನ ನಾನು ಎಂದಿನ ಹಾಗೆ ‘ಬರೆದಿಟ್ಕೋ’ ಅಂದೆ. ಅವಳು ಬರೆದಿಟ್ಟುಕೊಂಡಳು.

ಹಳೇ ನೋಟ್‌ಬುಕ್ಕಿನ ಕೊನೆಯ ಪುಟಗಳು. ಸ್ಕೇಲ್ ಇಟ್ಟು ನೀಟಾಗಿ ಗೆರೆ ಎಳೆದಿದ್ದಳು. ಮೊದಲ ಕಾಲಂ ‘ತಾರೀಖು’. ಎರಡನೆಯದು ‘ಮಾವ ಹೇಳಿದ್ದು’. ಮೂರನೆಯದು ‘ಆಯ್ತಾ?’ ಆ ಮೂರನೇ ಕಾಲಂ ಖಾಲಿ ಇತ್ತು. ಅದನ್ನು ನೋಡಿದಾಗ, ಎಷ್ಟೋ ವರ್ಷದ ಹಿಂದೆ ಪಾಸಾದ ಪರೀಕ್ಷೆಗೆ ಮತ್ತೆ ಕೂರಿಸಿದ ಹಾಗಾಯಿತು.

ಮೊದಲ ಸಾಲು: ‘ಇವತ್ತು ಮಳೆ ಬರಲ್ಲ. ಹವಾಮಾನದವರು ಸುಮ್ನೆ ಹೇಳ್ತಾರೆ.’ ಸಂಜೆ ಆರಕ್ಕೆ ಮಳೆ ಹೊಯ್ಯಿತು. ಆರೂ ಕಾಲಿಗೆ ಕೆಂಪು ಇಂಕಿನಲ್ಲಿ ಇಂಟು ಮಾರ್ಕು ಬಿತ್ತು. ನಾನಿನ್ನೂ ಒದ್ದೆ ತಲೆ ಒರೆಸಿಕೊಳ್ಳುತ್ತಿದ್ದೆ.

ಹವಾಮಾನದವರನ್ನು ಬೈಯುವುದು ಎಲ್ಲ ಕಡೆ ಇರುವ ರೂಢಿ. ಆದರೆ ಅವರ ಪಾಡು ನೋಡಿ. ಶೇ. 70ರಷ್ಟು ಮಳೆ ಸಾಧ್ಯತೆ ಅಂತ ಹತ್ತು ದಿನ ಹೇಳಿದರೆ, ಅದರಲ್ಲಿ ಮೂರು ದಿನ ಒಣಗಿದ್ದರೆ ಮಾತ್ರ ಅವರ ಲೆಕ್ಕ ಸರಿ. ಹತ್ತಕ್ಕೆ ಹತ್ತು ದಿನವೂ ಮಳೆ ಬಂದರೆ ಅವರೇ ತಪ್ಪು! ನಾವು ಆ ಮೂರು ದಿನ ಮಾತ್ರ ನೆನಪಿಟ್ಟುಕೊಂಡು ಬೈಯುತ್ತೇವೆ. ಹೇಳಿದ್ದನ್ನು ಬರೆದಿಟ್ಟು, ಮಾರನೇ ದಿನವೇ ಅಂಕ ಹಾಕಿಸಿಕೊಳ್ಳುವ ಕೆಲಸ ಇವರನ್ನು ಬಿಟ್ಟರೆ ಇನ್ನು ಯಾರದು? ಅಮೆರಿಕದ ಹವಾಮಾನ ಇಲಾಖೆಯ ಗ್ಲೆನ್ ಬ್ರಯರ್ ಎಂಬಾತ 1950ರಲ್ಲಿ ಇದಕ್ಕೊಂದು ಅಂಕದ ಲೆಕ್ಕವನ್ನೇ ಮಾಡಿಕೊಟ್ಟ. ‘ಶೇ. 60’ ಅಂದು ತಪ್ಪಿದರೆ ಸಣ್ಣ ಏಟು. ‘ಶೇ. 95’ ಅಂತ ಎದೆ ತಟ್ಟಿ ಹೇಳಿ ತಪ್ಪಿದರೆ ದೊಡ್ಡ ಏಟು. ಎಷ್ಟು ಜೋರಾಗಿ ಹೇಳಿದೆ ಅನ್ನುವುದಕ್ಕೂ ದಂಡ.

ರಾಜಕೀಯದ ಪಂಡಿತರಿಗೂ ಇಂಥದ್ದೊಂದು ತಕ್ಕಡಿ ಹಿಡಿದವರು ಫಿಲಿಪ್ ಟೆಟ್ಲಾಕ್ ಎಂಬ ಮನಶ್ಶಾಸ್ತ್ರಜ್ಞ. 284 ಮಂದಿ ತಜ್ಞರನ್ನು ಹಿಡಿದರು. ಮುಂದೆ ಏನಾಗುತ್ತದೆ ಅಂತ ಹೇಳುವುದೇ ಅವರ ಹೊಟ್ಟೆಪಾಡು. ಇಪ್ಪತ್ತು ವರ್ಷ ಅವರ ಮಾತುಗಳನ್ನು ಬರೆದಿಟ್ಟುಕೊಂಡು ಕೂತರು. ಕೊನೆಗೆ ಕೂಡಿ ಕಳೆದು ನೋಡಿದರೆ ಒಟ್ಟಾರೆ ಅಂಕ ಕಣ್ಣುಮುಚ್ಚಿ ಊಹಿಸಿದ್ದಕ್ಕಿಂತ ಹೆಚ್ಚೇನೂ ಮೇಲಿರಲಿಲ್ಲ. ಅದರಲ್ಲೂ ಮಾಧ್ಯಮದಲ್ಲಿ ಜಾಸ್ತಿ ಕಾಣಿಸಿಕೊಳ್ಳುವವರ ಸ್ಥಿತಿ ಇನ್ನೂ ಕೆಟ್ಟದಾಗಿತ್ತು. ಇದನ್ನು ಓದಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅವರೂ ನನ್ನ ಹಾಗೇನೇ. ಅವರಿಗೆ ಇದಕ್ಕೆ ಸಂಬಳ ಬರುತ್ತದೆ, ಅಷ್ಟೇ ವ್ಯತ್ಯಾಸ.

ಸಂತೋಷ ಜಾಸ್ತಿ ದಿನ ಉಳಿಯಲಿಲ್ಲ. ಅಕ್ಕ ಫೋನ್ ಮಾಡಿದಳು. ಮಗಳು ನೋಟ್‌ಬುಕ್ಕಿನ ಸುದ್ದಿ ಹೇಳಿದಳು. ಅಕ್ಕನಿಗೆ ಎಲ್ಲಿಲ್ಲದ ಹುರುಪು. ‘ಫೋನಲ್ಲಿ ಕ್ಯಾಮೆರಾ ಯಾಕೆ, ಫೋಟೋ ತೆಗೆದು ಯಾರ ಕಿವಿಗೆ ಇಡ್ತಾರೆ ಅಂತ ನಿನ್ನ ಮಾವ ಹೇಳಿದ್ದ. ಅದನ್ನೂ ಸೇರಿಸು.’ ಸೇರಿಸಲಾಯಿತು. ಚಾಕೊಲೇಟಿನ ಕಥೆಯನ್ನೂ ಸೇರಿಸಲಾಯಿತು.

ಚಾಕೊಲೇಟಿನ ಕಥೆ ಸ್ವಲ್ಪ ಹೇಳಲೇಬೇಕು. 2015ರಲ್ಲಿ ‘ಚಾಕೊಲೇಟ್ ತಿಂದರೆ ಬೇಗ ತೂಕ ಇಳಿಯುತ್ತದೆ’ ಎಂಬ ಸುದ್ದಿ ಹಲವು ದೇಶಗಳಲ್ಲಿ ಬಂತು. ನಾನು ತಲೆಬರಹ ನೋಡಿದೆ. ಮನೆಯಲ್ಲಿ ಘೋಷಿಸಿದೆ. ನಾಲ್ಕು ದಿನ ಶ್ರದ್ಧೆಯಿಂದ ತಿಂದೆ. ಆ ಮೇಲೆ ಗೊತ್ತಾಯಿತು, ಜಾನ್ ಬೊಹಾನನ್ ಎಂಬ ಪತ್ರಕರ್ತ ಬೇಕೆಂದೇ ಮಾಡಿದ ಕಿತಾಪತಿ ಅದು. ಸುದ್ದಿಯವರು ಏನನ್ನೂ ಪರೀಕ್ಷಿಸುವುದಿಲ್ಲ ಅಂತ ತೋರಿಸಬೇಕಿತ್ತು ಅವನಿಗೆ. ಪ್ರಯೋಗ ಮಾಡಿದ್ದು ನಿಜ. ಆದರೆ ಕೊನೆಗೆ ಉಳಿದದ್ದು 15 ಜನ. ಅವರ ತೂಕ, ಕೊಲೆಸ್ಟರಾಲ್, ನಿದ್ದೆ ಅಂತ 18 ಬಗೆಯ ಅಳತೆ. ಹದಿನೆಂಟು ಗಾಳ ಹಾಕಿ ಕೂತರೆ ಒಂದಕ್ಕಾದರೂ ಮೀನು ಸಿಗಲ್ವಾ? ಸಿಕ್ಕಿತು. ಸಿಕ್ಕಿದ್ದು ನಿದ್ದೆಯ ಗಾಳಕ್ಕೆ ಆಗಿದ್ದರೆ ‘ಚಾಕೊಲೇಟ್ ತಿಂದರೆ ಗಡದ್ದಾಗಿ ನಿದ್ದೆ’ ಅಂತ ಬರುತ್ತಿತ್ತು. ನಾನು ಅದನ್ನೂ ನಂಬುತ್ತಿದ್ದೆ. ಅದಕ್ಕೂ ತಿನ್ನುತ್ತಿದ್ದೆ.

ಇಷ್ಟೆಲ್ಲ ಆದರೂ ಅಭಿಪ್ರಾಯ ಇಲ್ಲದೆ ಇರುವುದು ಕಷ್ಟ. ಎರಡು ದಿನ ಪ್ರಯತ್ನಪಟ್ಟೆ. ಪೇಪರ್ ಓದಿ, ‘ಬಹುಶಃ’, ‘ನನಗೆ ತಿಳಿದ ಮಟ್ಟಿಗೆ’, ‘ಎರಡೂ ಕಡೆ ನೋಡಿದರೆ’ ಅಂತೆಲ್ಲ ಶುರು ಮಾಡಿದೆ. ಮನೆಯಲ್ಲಿ ಸದ್ದೇ ಇಲ್ಲ. ಎರಡನೇ ದಿನ ಸಂಜೆ ಹೆಂಡತಿ ಬಂದು ಹಣೆ ಮುಟ್ಟಿ ನೋಡಿ, ‘ಯಾಕೆ, ಹುಷಾರಿಲ್ವಾ?’ ಅಂದಳು.

ಮೂರನೇ ದಿನ ಮಾಮೂಲಿಗೆ ಬಂದೆ. ಬ್ಯಾಟರಿ ಗಾಡಿಗಳ ಬಗ್ಗೆ ಏನೋ ಸುದ್ದಿ ಇತ್ತು. ‘ಇವೆಲ್ಲ ನಾಲ್ಕು ದಿನದ ಶೋಕಿ’ ಅಂದೆ. ಹುಡುಗಿ ಪೆನ್ನು ತೆಗೆಯಲಿಲ್ಲ. ‘ಅದು ಹೇಗೆ ಓಡುತ್ತೆ ಮಾವ?’ ಅಂದಳು.

‘ಬ್ಯಾಟರಿಯಿಂದ.’

‘ಅದು ಗೊತ್ತು. ಹೇಗೆ?’

‘ಮೋಟಾರ್ ಇರುತ್ತೆ ಕಣೇ.’

‘ಮೋಟಾರ್ ಹೇಗೆ ತಿರುಗುತ್ತೆ?’

ನಾನು ಕನ್ನಡಕ ಒರೆಸಿಕೊಂಡೆ. ‘ಅದೆಲ್ಲ ದೊಡ್ಡ ವಿಷಯ, ಈಗ ಬೇಡ’ ಅಂದೆ. ‘ಸರಿ, ಸಣ್ಣದು ಹೇಳು. ಸೈಕಲ್ ಬರಿ’ ಅಂತ ಪೇಪರಿನ ಅಂಚನ್ನು ನನ್ನ ಕಡೆ ತಿರುಗಿಸಿದಳು. ಸೈಕಲ್! ಹತ್ತು ವರ್ಷ ದಿನಾ ತುಳಿದವನು ನಾನು. ಎರಡು ಚಕ್ರ ಬರೆದೆ. ಸೀಟು, ಹ್ಯಾಂಡಲ್ ಬಂದವು. ಎರಡು ಚಕ್ರದ ನಡುವೆ ಒಂದು ನೇರ ಕಂಬಿ ಎಳೆದೆ. ಕಂಬಿಯ ಮಧ್ಯೆ ಪೆಡಲ್ ಹಾಕಿದೆ. ಚೈನು ಹಾಕುವಾಗ ಕೈ ಒಂದು ಕ್ಷಣ ನಿಂತಿತು. ಆಮೇಲೆ ಧೈರ್ಯ ಮಾಡಿ ಎರಡೂ ಚಕ್ರಕ್ಕೆ ಸುತ್ತಿದೆ.

ಅವಳು ತಲೆ ಓರೆ ಮಾಡಿ ನೋಡಿದಳು. ಕಂಬಿಯ ಮೇಲೆ ಬೆರಳಿಟ್ಟಳು. ‘ಈ ಕಂಬಿ ಮುಂದಿನ ಚಕ್ರಕ್ಕೂ ಅಂಟಿಕೊಂಡಿದೆ. ಹ್ಯಾಂಡಲ್ ತಿರುಗಿಸಿದ್ರೆ ಚಕ್ರ ಹೇಗೆ ತಿರುಗುತ್ತೆ? ಈ ಸೈಕಲ್ಲಲ್ಲಿ ಹೊರಟ್ರೆ ನೇರ ಹೋಗಬೇಕು ಅಷ್ಟೇ. ತಿರುವು ಬಂದ್ರೆ ಗೋಡೆಗೆ.’

ನನ್ನ ಮಾನ ಕಾಪಾಡಿದ್ದು ಲಿವರ್‌ಪೂಲ್ ವಿಶ್ವವಿದ್ಯಾಲಯ. ಅಲ್ಲಿನ ರೆಬೆಕ್ಕಾ ಲಾಸನ್ 2006ರಲ್ಲಿ ಇದನ್ನೇ ಪರೀಕ್ಷಿಸಿದ್ದರು. ಬಹಳ ಜನ ಚೈನು, ಪೆಡಲು, ಕಂಬಿ ತಪ್ಪು ಹಾಕಿದ್ದರು. ಎರಡೂ ಚಕ್ರಕ್ಕೆ ಚೈನು ಸುತ್ತಿದ ನನ್ನ ಬಳಗ ಅಲ್ಲೂ ಇತ್ತು. ಸೈಕಲ್ ಓಡಿಸುವವರಲ್ಲೂ ತಪ್ಪಿದವರಿದ್ದರು. ದಿನಾ ನೋಡುವ ವಸ್ತು ಗೊತ್ತಿದೆ ಅಂತಲೇ ಅನಿಸುತ್ತದೆ. ಬರಿ ಅಂದಾಗಲೇ ಬಣ್ಣ ಬಯಲಾಗುವುದು.

ಸೈಕಲ್ಲೇ ಹೀಗಾದರೆ ತೆರಿಗೆ ನೀತಿಯ ಕಥೆ ಏನು? ಅದನ್ನೂ ಕೆಲವರು ಪರೀಕ್ಷಿಸಿದ್ದಾರೆ. ಫರ್ನ್‌ಬ್ಯಾಕ್ ಮತ್ತು ಸಂಗಡಿಗರ ಅಧ್ಯಯನ 2013ರಲ್ಲಿ ಬಂತು. ಒಂದು ನೀತಿ ಯಾಕೆ ಬೇಕು, ಕಾರಣ ಹೇಳಿ ಅಂತ ಜನರನ್ನು ಕೇಳಿದರು. ಜನ ಕಾರಣ ಕೊಟ್ಟರು. ಅವರ ಪಟ್ಟು ಸ್ವಲ್ಪವೂ ಸಡಿಲವಾಗಲಿಲ್ಲ. ಇನ್ನು ಕೆಲವರಿಗೆ ಕಾರಣ ಬೇಡ, ಅದು ಹೆಜ್ಜೆ ಹೆಜ್ಜೆಯಾಗಿ ಹೇಗೆ ಕೆಲಸ ಮಾಡುತ್ತದೆ ಹೇಳಿ ಅಂದರು. ಅಲ್ಲಿ ಮಾತು ತಡವರಿಸಿತು, ದನಿಯೂ ತಗ್ಗಿತು. ‘ಯಾಕೆ’ ಅಂದರೆ ನಾನೂ ರಾತ್ರಿಯೆಲ್ಲ ಮಾತಾಡಬಲ್ಲೆ. ‘ಹೇಗೆ’ ಅಂದರೆ ಕನ್ನಡಕ ಒರೆಸಿಕೊಳ್ಳಬೇಕಾಗುತ್ತದೆ.

ಹಾಗಂತ ‘ಹೇಗೆ’ ಚೆನ್ನಾಗಿ ಗೊತ್ತಿದ್ದವರು ತಪ್ಪುವುದೇ ಇಲ್ಲ ಅಂತಲ್ಲ. ಜೆಫ್ರಿ ಹಿಂಟನ್ ಅವರಿಗಿಂತ ಚೆನ್ನಾಗಿ ಕೃತಕ ಬುದ್ಧಿಮತ್ತೆ ಗೊತ್ತಿರುವವರು ಎಷ್ಟು ಜನ? 2024ರ ಭೌತಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಪಡೆದವರು. ಅವರು 2016ರಲ್ಲಿ, ಎಕ್ಸ್‌ರೇ, ಸ್ಕ್ಯಾನ್ ನೋಡುವ ವೈದ್ಯರಿಗೆ ತರಬೇತಿ ಕೊಡುವುದನ್ನು ಈಗಲೇ ನಿಲ್ಲಿಸಬೇಕು, ಐದು ವರ್ಷದಲ್ಲಿ ಯಂತ್ರವೇ ಅವರಿಗಿಂತ ಚೆನ್ನಾಗಿ ನೋಡುತ್ತದೆ ಅಂದರು. ಐದು ವರ್ಷ ಕಳೆಯಿತು. ಹತ್ತಿರ ಹತ್ತಿರ ಇನ್ನೊಂದು ಐದೂ ಕಳೆಯಿತು. ಸ್ಕ್ಯಾನ್ ನೋಡುವ ವೈದ್ಯರು ಇನ್ನೂ ಬೇಕಾಗಿದ್ದಾರೆ, ಕೈ ತುಂಬ ಕೆಲಸವೂ ಇದೆ.

ಆದರೆ ನನಗೆ ತೀರಾ ಇಷ್ಟವಾದ ‘ಬರೆದಿಟ್ಕೋ’ ಪಾಲ್ ಎರ್ಲಿಕ್ ಅವರದ್ದು. ಮೂಲದಲ್ಲಿ ಚಿಟ್ಟೆಗಳ ತಜ್ಞ. ಜನಸಂಖ್ಯೆ ಏರುತ್ತಿದೆ, ಎಲ್ಲದಕ್ಕೂ ಬರಗಾಲ ಬರುತ್ತದೆ ಅಂತ ಗಟ್ಟಿ ಗಂಟಲಲ್ಲಿ ಹೇಳಿದವರು. ಜೂಲಿಯನ್ ಸೈಮನ್ ಎಂಬ ಅರ್ಥಶಾಸ್ತ್ರಜ್ಞರಿಗೆ ಈ ಮಾತು ಹಿಡಿಸಲಿಲ್ಲ. ಸರಿ, ಪಂದ್ಯ ಕಟ್ಟಿ ಅಂದರು. 1980ರಲ್ಲಿ ಎರ್ಲಿಕ್ ಮತ್ತು ಸಂಗಡಿಗರು ಐದು ಲೋಹ ಆರಿಸಿದರು: ತಾಮ್ರ, ಕ್ರೋಮಿಯಂ, ನಿಕ್ಕಲ್, ತವರ, ಟಂಗ್‌ಸ್ಟನ್. ಒಟ್ಟು ಸಾವಿರ ಡಾಲರ್ ಲೆಕ್ಕ. ಹತ್ತು ವರ್ಷದಲ್ಲಿ ಬೆಲೆ ಏರಿದರೆ ಏರಿದಷ್ಟನ್ನು ಸೈಮನ್ ಕೊಡಬೇಕು, ಇಳಿದರೆ ಇಳಿದಷ್ಟನ್ನು ಎರ್ಲಿಕ್. ಆ ಹತ್ತು ವರ್ಷದಲ್ಲಿ ಜನಸಂಖ್ಯೆ ಸುಮಾರು 80 ಕೋಟಿ ಏರಿತು. ಹಣದುಬ್ಬರ ಕಳೆದು ನೋಡಿದರೆ ಲೋಹದ ಬೆಲೆ ಇಳಿದಿತ್ತು. 1990ರ ಅಕ್ಟೋಬರಿನಲ್ಲಿ ಸೈಮನ್ ಮನೆಗೆ ಒಂದು ಲಕೋಟೆ ಬಂತು. ಒಳಗೆ ಲೋಹದ ಬೆಲೆಯ ಲೆಕ್ಕದ ಹಾಳೆ, 576 ಡಾಲರ್ 7 ಸೆಂಟಿನ ಚೆಕ್. ಪತ್ರ ಇರಲಿಲ್ಲ.

ಆ ಏಳು ಸೆಂಟು ನನಗೆ ಬಹಳ ಇಷ್ಟ. ಬಾಯ್ಮಾತಿನ ಜಗಳದಲ್ಲಿ ಏಳು ಸೆಂಟು ಬರುವುದೇ ಇಲ್ಲ. ಸೈಮನ್ ಗೆದ್ದದ್ದರಲ್ಲೂ ಅದೃಷ್ಟದ ಪಾಲಿತ್ತು ಅನ್ನಿ. ಬೇರೆ ಬೇರೆ ಹತ್ತು ವರ್ಷ ಹಿಡಿದು ಲೆಕ್ಕ ಹಾಕಿದವರು, ಅದರಲ್ಲಿ ಬಹಳಷ್ಟು ಸಲ ಎರ್ಲಿಕ್ ಗೆಲ್ಲುತ್ತಿದ್ದರು ಅಂತ ತೋರಿಸಿದ್ದಾರೆ. ಅದನ್ನು ಹೇಳಲಿಕ್ಕಾದರೂ ಮೊದಲು ಬರೆದಿಟ್ಟಿದ್ದು ಇರಬೇಕಲ್ಲ.

ಈ ಕಥೆ ಹುಡುಗಿಗೆ ಹೇಳಬಾರದಿತ್ತು. ಮಾರನೇ ದಿನ ನೋಟ್‌ಬುಕ್ಕಿನಲ್ಲಿ ಇನ್ನೆರಡು ಕಾಲಂ ಬಂದಿದ್ದವು. ‘ಎಷ್ಟು ಪರ್ಸೆಂಟ್’, ‘ಯಾವಾಗ’.

ಅವಳು ಊರಿಗೆ ಹೊರಡುವ ದಿನ ಬೆಳಿಗ್ಗೆ ಪೇಪರಿನಲ್ಲಿ ಮಂಗಳ ಗ್ರಹಕ್ಕೆ ಮನುಷ್ಯನನ್ನು ಕಳಿಸುವ ಸುದ್ದಿ ಇತ್ತು. ಬ್ಯಾಗು ಬಾಗಿಲ ಹತ್ತಿರ ಇತ್ತು. ಚಟ ಬಿಡುತ್ತದಾ? ‘ಹತ್ತು ವರ್ಷದಲ್ಲಿ ಯಾರೂ ಹೋಗಲ್ಲ. ಬೇಕಾದ್ರೆ...’ ಅಂದೆ. ಅವಳು ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದಳು.

‘ಎಷ್ಟು ಪರ್ಸೆಂಟ್ ಮಾವ?’

‘ತೊಂಬತ್ತೈದು.’

ಅವಳು ಬರೆಯದೆ ನನ್ನ ಮುಖ ನೋಡಿದಳು.

‘ಎಂಬತ್ತು ಹಾಕು.’

ಬರೆದಳು. ಬೆರಳು ಮಡಿಚಿ ಎಣಿಸಿದಳು. ‘ಆಗ ನನಗೆ ಇಪ್ಪತ್ತೊಂದು. ನೆನಪಿರುತ್ತೆ.’ ನೋಟ್‌ಬುಕ್ ಮುಚ್ಚಿದಳು. ನಾನು ಕೈ ಚಾಚಿದೆ. ಇಲ್ಲೇ ಇರಲಿ, ಜೋಪಾನವಾಗಿ ಇಟ್ಟಿರ್ತೀನಿ ಅಂದೆ.

‘ನಿನ್ನ ಹತ್ರ ಬೇಡ. ತಿದ್ದಿಬಿಡ್ತೀಯ’ ಅಂತ ಬ್ಯಾಗಿನೊಳಗೆ ಹಾಕಿ ಜಿಪ್ ಎಳೆದಳು.